ಹೊಳಬಸಪ್ಪನ ಸೈಬೋರ್ಗ್

ನಮ್ಮ ಓಣಿಯ ಹೊಳಬಸಪ್ಪ ಹಗಲು ಇಳಕಲ್ ಸೀರೆ ನೇಯುತ್ತಾನೆ, ಸಂಜೆ ವಿಜ್ಞಾನ ಕಥೆ ಬರೆಯುತ್ತಾನೆ. ಸೀರೆಗೆ ಗಿರಾಕಿಗಳಿದ್ದಾರೆ. ಕಥೆಗೆ ಇರುವವರು ಇಬ್ಬರೇ: ಅವನ ಹೆಂಡತಿ ಅಂಬವ್ವ, ಮತ್ತೆ ಪಕ್ಕದ ಮನೆಯಲ್ಲಿ ಹುಟ್ಟಿದ ತಪ್ಪಿಗೆ ನಾನು. ಬರೆದದ್ದನ್ನು ಓದಿ ಹೇಳದಿದ್ದರೆ ಅವನಿಗೆ ಉಂಡ ರೊಟ್ಟಿ ಅರಗುವುದಿಲ್ಲ.

ಈ ಸಲದ ನಾಯಕ ದಂಡಿನವನು, ಮೈತುಂಬ ಉಕ್ಕು. ಮೊದಲು ಒಂದು ಗುಡ್ಡ ಎತ್ತಿದ. ಆಮೇಲೆ ಮನೆಗೆ ಬಂದು ಉಕ್ಕಿನ ಕಾಲು ಬಿಚ್ಚಿ, ಗೂಟಕ್ಕೆ ತೂಗುಹಾಕಿ ಊಟಕ್ಕೆ ಕೂತ. ಮರುದಿನ ಅದೇ ಕಾಲಿಗೆ ಮುಳ್ಳು ನಟ್ಟಿತೆಂದು ಅತ್ತ.

"ಲೇ, ಗೂಟದ ಮ್ಯಾಲಿನ ಕಾಲು ಹೆಂಗ ನೋಯ್ತೈತಿ? ತೊಟ್ಟು ಬಿಚ್ಚೂದಾದ್ರ ಅದು ಯಂತ್ರದ ಕವಚ. ಮೈಯಾಗ ಕೂಡಿದ್ರ ಅಂವ ಸೈಬೋರ್ಗ್. ಎರಡರಾಗ ಒಂದು ಮಾಡು," ಎಂದೆ.

"ಎರಡೂ ಉಕ್ಕ ಅಲ್ಲೇನು?" ಎಂದು ಅವನು ವಾದಕ್ಕಿಳಿದ.

ಮಂಚದ ಮೇಲಿಂದ ಅಂಬವ್ವನ ದನಿ ಬಂತು. "ಗೂಟಕ್ಕ ಹಾಕಾಕ ಬರ್ತಿದ್ರ ಈ ಡಾಕ್ಟರನ ಕಾಲೂ ಹಾಕಿಬಿಡ್ರಿ."

ನಮ್ಮ ನಗು ಅಲ್ಲಿಗೇ ನಿಂತಿತು. ಆಕೆಯ ಸವೆದ ಮೊಣಕಾಲಿಗೆ ಬಾಗಲಕೋಟೆಯಲ್ಲಿ ಉಕ್ಕಿನ ಕೀಲು ಹಾಕಿಸಿ ತಿಂಗಳಾಗಿತ್ತು. ನಡೆಯದಿದ್ದರೆ ಕಾಲು ಸೆಟೆದೇ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಆಕೆಯೋ ಅದರ ಮೇಲೆ ಭಾರ ಹಾಕಲೊಲ್ಲಳು. ಪರರ ವಸ್ತು, ಮುರಿದರೆ ಯಾರು ಹೊಣೆ ಎನ್ನುವಳು. ಹೊಳಬಸಪ್ಪ ಬೇಡಿಕೊಂಡಿದ್ದ, ಬೈದಿದ್ದ. ಹೆಂಡತಿ ಇನ್ನು ಏಳುವುದೇ ಇಲ್ಲವೇನೋ ಎಂದು ಪಾಪ, ಹೆದರಿಬಿಟ್ಟಿದ್ದ.

ಅವನು ಎದ್ದುಹೋಗಿ ಒಂದು ಸೀರೆ ತಂದು ಆಕೆಯ ಮುಂದೆ ಹರಡಿದ. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ನಮ್ಮಲ್ಲಿ ಸೆರಗನ್ನು ಹೊಲಿದು ಅಂಟಿಸುವುದಿಲ್ಲ. ಮಗ್ಗದಲ್ಲೇ ಎರಡರ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ತೆನಿ ಎನ್ನುತ್ತಾರೆ. ಓಣಿಯಲ್ಲಿ ಆ ಕೆಲಸಕ್ಕೆ ಅಂಬವ್ವನ ಬೆರಳೇ ಆಗಬೇಕು.

"ಈ ಸೆರಗು ಪರರದೇನು?" ಎಂದ.

"ಹುಚ್ಚರಂಗ ಕೇಳಬ್ಯಾಡ್ರಿ. ತೆನಿ ಹಾಕಿದ ಮ್ಯಾಲ ಅದೂ ಸೀರಿನ."

"ಹಂಗಾದ್ರ ಬಿಚ್ಚಿ ಕೊಡು."

"ಹರದ್ರ ಹರಿತೈತಿ, ಬಿಚ್ಚೂದಿಲ್ಲ," ಎಂದಳು. ಆಕೆಯ ಬೆರಳು ಕೂಡಿಕೆಯ ಮೇಲೆ ಓಡಾಡುತ್ತಿತ್ತು.

"ಆ ಕೀಲು ಅಂಗಿ ಆಗಿದ್ರ ಗೂಟಕ್ಕ ಹಾಕಬಹುದಿತ್ತು. ನಿನ್ನ ಕಾಲಿಗೆ ತೆನಿ ಹಾಕ್ಯಾರ, ಅಂಬವ್ವಾ." ಆಕೆ ಸೀರೆಯನ್ನು ಮಡಚಿಟ್ಟಳು.

ಮರುದಿನ ಹೊಳಬಸಪ್ಪ ಗೂಟವನ್ನು ಕಥೆಯಿಂದ ಕಿತ್ತು, ನಾಯಕನಿಗೆ ಕಾಲನ್ನು ಖಾಯಂ ಮಾಡಿ ನನಗೆ ಓದುತ್ತಿದ್ದ. ಕಾಲಿಗೆ ಮುಳ್ಳು ನಟ್ಟ ಭಾಗ ಬರುವ ಹೊತ್ತಿಗೆ ಒಳಗಿನಿಂದ ಕೋಲಿನ ಸದ್ದಾಯಿತು. ಅಂಬವ್ವ ಗೋಡೆ ಹಿಡಿದು ಬಾಗಿಲ ತನಕ ಬಂದು, ಮುಖ ಕಿವುಚಿಕೊಂಡು ನಿಂತಿದ್ದಳು.

"ಭಾಳ ನೋಯಾಕತ್ತೈತ್ರಿ."

"ಡಾಕ್ಟರನ ಕಾಲೇನು?" ಎಂದು ಹೊಳಬಸಪ್ಪ ಕೇಳಿದ.

"ನಂದು," ಎಂದಳು ಸಿಟ್ಟಿನಿಂದ.

ಹೆಂಡತಿಗೆ ಕಾಲುನೋವು ಎಂದು ಅಷ್ಟು ಖುಷಿಪಟ್ಟ ಇನ್ನೊಬ್ಬ ಗಂಡನನ್ನು ನಾನು ಇಳಕಲ್ಲಿನಲ್ಲಿ ಕಂಡಿಲ್ಲ.