ಸದ್ದಿಲ್ಲದ ಕರೆಗೆ ಕಾದವಳು

ಆಪರೇಟರಕ್ಕನ ಎಡಗಿವಿ ಬಲಗಿವಿಗಿಂತ ಯಾವಾಗಲೂ ಕೆಂಪಗಿರುತ್ತಿತ್ತು. ಹೆಡ್‌ಸೆಟ್ಟಿನ ಸ್ಪಂಜು ಹರಿದಾಗ ಹೊಸದಕ್ಕೆ ಕಾಯದೆ, ಹಳೇ ಸೀರೆಯ ತುಂಡಿಗೆ ಹತ್ತಿ ತುಂಬಿ ತಾನೇ ಹೊಲಿದುಕೊಂಡಿದ್ದಳು. ಅದು ಒತ್ತಿ ಒತ್ತಿ ಕಿವಿಯ ಸುತ್ತ ಬಳೆಯಂಥ ಗುರುತು ಬಿದ್ದಿತ್ತು. ಆಂಧ್ರದ ಗಡಿಯೂರು ಆದೋನಿಯ ನಮ್ಮ ಆಸ್ಪತ್ರೆಯಲ್ಲಿ ಆಂಬುಲೆನ್ಸಿನ ಫೋನು ಆಕೆಯದು. ಅದರ ಹಿಂದಿನ ತಂತಿ, ಪೆಟ್ಟಿಗೆಗಳೆಲ್ಲ ನನ್ನ ಪಾಲಿನವು.

ಒಮ್ಮೆ ಆ ಫೋನಿಗೊಂದು ಕಾಯಿಲೆ ಹತ್ತಿತು. ಕೆಲವು ಕರೆಗಳನ್ನು ಎತ್ತಿದರೆ ಏನೂ ಕೇಳಿಸದು. ಬೇರೆ ಪಾಳಿಯವರು ಯಾರದೋ ಹುಡುಗಾಟವೆಂದು ಇಟ್ಟುಬಿಡುತ್ತಿದ್ದರು. ಅಕ್ಕ ಇಡುತ್ತಿರಲಿಲ್ಲ. "ಯಾವೂರ್ರಿ?" ಎಂದು ಕೇಳಿ, ಉತ್ತರ ಹೇಳುವಷ್ಟು ಹೊತ್ತು ಸುಮ್ಮನಿದ್ದು, "ಯಾರಿಗೆ ಏನಾಗೈತಿ?" ಎನ್ನುವಳು. ಮತ್ತೆ ಕಾಯುವಳು. ಆಮೇಲೆ ಅದನ್ನೇ ತೆಲುಗಿನಲ್ಲಿ. ಅಕ್ಕ ಗೋಡೆಯ ಜೊತೆ ಸಂಸಾರ ಹೂಡಿದ್ದಾಳೆಂದು ನಾವು ಆಡಿಕೊಳ್ಳುತ್ತಿದ್ದೆವು.

"ನಗ್ರಿ, ನಗ್ರಿ. ನನಗ ಅಂಜಿಕಿ ಐತಿ. ನಮಗ ಕೇಳ್ಸವಲ್ದು ಅಂದ್ರ ಅವ್ರು ಮಾತಾಡವಲ್ರು ಅಂತೇನು?"

ಆ ಅಂಜಿಕೆ ನನಗೂ ಅಂಟಿತು. ಹೊರಗಿನ ಮಾತು ಇಂಟರ್ನೆಟ್ಟಿನಲ್ಲಿ ಚೂರುಚೂರಾಗಿ ಗೇಟ್‌ವೇ ಎಂಬ ಪೆಟ್ಟಿಗೆಗೆ ಬರುತ್ತದೆ, ಅದು ಆ ಚೂರುಗಳನ್ನು ಅಕ್ಕನ ಫೋನಿಗೆ ದಾಟಿಸಬೇಕು. ಅವು ಎಲ್ಲಿ ಕಳೆದುಹೋಗುತ್ತಿವೆ? ಮೇಲಿನವರ ಒಪ್ಪಿಗೆ ಪಡೆದು, ಗೇಟ್‌ವೇಗೆ ಬರುವ ಹೋಗುವ ಪ್ಯಾಕೆಟ್ಟುಗಳನ್ನೆಲ್ಲ, ಅಂದರೆ ಆ ಚೂರುಗಳನ್ನೆಲ್ಲ, ನನ್ನ ಲ್ಯಾಪ್‌ಟಾಪಿನಲ್ಲಿ ಹಿಡಿಯುತ್ತ ಕೂತೆ.

ಮಧ್ಯಾಹ್ನ ಊಟದ ಹೊತ್ತಿಗೆ ಅಂಥದೇ ಕರೆ ಬಂತು. ಅಕ್ಕ ಕೇಳಿದಳು, ಕಾದಳು, ಕೇಳಿದಳು. ಕರೆ ಕಡಿಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್. ನಾನು ಹಿಡಿದದ್ದನ್ನು ತೆರೆದೆ. ಹೊರಗಿನ ಮಾತು ಗೇಟ್‌ವೇವರೆಗೆ ಬಂದು ಅಲ್ಲೇ ನಿಂತಿತ್ತು. ಅಕ್ಕನ ಮಾತು ಮಾತ್ರ ಸರಿಯಾಗಿ ಆಚೆ ತಲುಪಿತ್ತು. ಎರಡನ್ನೂ ಕೂಡಿಸಿ ಅಕ್ಕನಿಗೂ ಕೇಳುವಂತೆ ಹಾಕಿದೆ.

"ಯಾವೂರ್ರಿ?" ಅಕ್ಕನ ದನಿ.

"ಹೊಳಗುಂದ ದಾಟೀವ್ರಿ, ಆದೋನಿ ರೋಡಿನ್ಯಾಗ ಆಟೋ ಕೆಟ್ಟು ನಿಂತೈತಿ," ಒಬ್ಬ ಗಂಡಸು.

"ಯಾರಿಗೆ ಏನಾಗೈತಿ?"

"ನನ್ ಹೆಂಡ್ತಿಗ್ರಿ. ಬ್ಯಾನಿ ಬಂದಾವ, ರಗತ ನಿಂದ್ರವಲ್ದು. ಅಕ್ಕಾ, ಕೇಳ್ಸಾಕತ್ತೈತೇನು?"

"ಫೋನ್ ಇಡಬ್ಯಾಡ್ರಿ. ನಾ ಇಲ್ಲೇ ಅದೀನಿ."

"ಹ್ಞೂಂ ಅಕ್ಕಾ, ಇಡಂಗಿಲ್ಲ."

ಆಂಬುಲೆನ್ಸ್ ಹೊರಟಿತು. ಡ್ರೈವರನ ಫೋನು ಬರುವವರೆಗೆ ಅಕ್ಕ ಮೇಜಿನಂಚು ಬಿಗಿಹಿಡಿದು ನಿಂತೇ ಇದ್ದಳು. ಅವರು ಸಿಕ್ಕರು. ತಾಯಿ, ಮಗು ಇಬ್ಬರೂ ಉಳಿದರು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಅಕ್ಕ ಕೇಳದೆ ಇದ್ದಿದ್ದರೆ, ಕಾಯದೆ ಇದ್ದಿದ್ದರೆ ನಾನು ಏನು ಹಿಡಿಯುತ್ತಿದ್ದೆ ಎಂದು ಯಾರೂ ಯೋಚಿಸಲಿಲ್ಲ. ಆಕೆ ಹೆಡ್‌ಸೆಟ್ಟು ತೆಗೆದು ಮೇಜಿನ ಮೇಲಿಟ್ಟಳು.

"ಇದಕ್ಕ ಮೊದಲು ಬಂದ ಫೋನ್‌ಗಳು?" ಎಂದಳು.

ಹಿಡಿಯದೆ ಬಿಟ್ಟ ಮಾತು ಎಲ್ಲೂ ಉಳಿಯುವುದಿಲ್ಲ. ಗೇಟ್‌ವೇಯ ತಪ್ಪು ಸೆಟ್ಟಿಂಗನ್ನು ಅವತ್ತೇ ತಿದ್ದಿದೆ, ಫೋನು ಸರಿಹೋಯಿತು. ಅಕ್ಕ ಸರಿಹೋಗಲಿಲ್ಲ. ಫೋನು ಹೊಡೆದುಕೊಂಡಾಗಲೆಲ್ಲ, ಊಟಕ್ಕೆ ಕೂತಿದ್ದರೂ, ಎರಡನೇ ಗಂಟೆಗೆ ಬಿಡದೆ ಎತ್ತಿಬಿಡುತ್ತಿದ್ದಳು.

ಹೋದ ವರ್ಷ ಆಕೆಗೆ ಲಕ್ವಾ ಹೊಡೆದು ಮಾತು ನಿಂತುಹೋಯಿತು. ನಮ್ಮ ಆಸ್ಪತ್ರೆಯಲ್ಲೇ ಮಲಗಿಸಿದ್ದರು. ನೋಡಲು ಬಂದವರು, ಆಕೆ ಅಲ್ಲಿಲ್ಲವೇನೋ ಎಂಬಂತೆ ಆಕೆಯ ಬಗ್ಗೆಯೇ ಮಾತಾಡಿಕೊಂಡು ಹೋಗುತ್ತಿದ್ದರು. ನನಗೆ ವಿಪರೀತ ಹೆದರಿಕೆಯಾಯಿತು. ಆ ಎಡಗಿವಿಯ ಹತ್ತಿರ ಬಗ್ಗಿ, "ನೀರು ಬೇಕೇನಕ್ಕಾ?" ಎಂದು ಕೇಳಿ, ಉತ್ತರ ಹೇಳುವಷ್ಟು ಹೊತ್ತು ಸುಮ್ಮನಿದ್ದೆ. "ಕಾಲು ನೋಯ್ತಾವೇನು?" ಮತ್ತೆ ಕಾದೆ. ಆಕೆ ತೀರಿಕೊಳ್ಳುವ ದಿನದವರೆಗೂ ಹಾಗೇ ಮಾಡಿದೆ. ಅಕ್ಕ ಏನೋ ಹೇಳಿಯೇ ಇದ್ದಾಳೆ. ನನಗೆ ಕೇಳಿಸಿಲ್ಲ, ಅಷ್ಟೆ.