ಐದು ಸಾವಿರದ ನಲವತ್ತೊಂದು ಎಳೆ

ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, ಮಿಡ್ಲ್‌ಸ್ಕೂಲ್ ಮುಗಿಸಿ, ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ನಾನು ತೊಳಸಿದ ಮುದ್ದೆಯಲ್ಲಿ ಗಂಟು ತಪ್ಪುತ್ತಿರಲಿಲ್ಲ, ಆ ಮಾತು ಬೇರೆ.

ನಮ್ಮ ಮನೆಯ ಸೀರೆಯ ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲಿನಲ್ಲಿ, ಐದು ಸಾವಿರದ ನಲವತ್ತು ಎಳೆ. ಎರಡರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಏನೂ ಮಿಗದ ಸಂಖ್ಯೆ ಅದು. ಆದರೆ ಸೊನ್ನೆಗೆ ನಿಲ್ಲಿಸಬಾರದೆಂದು, ಮುಯ್ಯಿಗೆ ನೂರೊಂದು ಇಡುವ ಹಾಗೆ, ಮಾವ ಶುಭಕ್ಕೆ ಒಂದು ಎಳೆ ಸೇರಿಸುತ್ತಿದ್ದರು.

ಆ ವರ್ಷ ಬೆಂಗಳೂರಿನ ವ್ಯಾಪಾರಿಯೊಬ್ಬರು ಹೊಸ ನಮೂನೆ ಕೇಳಿದರು: ಸೀರೆಯ ತುಂಬ ಕೆಂಪು, ಹಸಿರು ಸಮನಾದ ಪಟ್ಟೆ, ಎರಡು ಅಂಚಿಗೂ ಕೆಂಪೇ. ಒಂದು ಸೀರೆ ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಮಾವ ಎರಡು ದಿನ ಲೆಕ್ಕ ಹಾಕಿದರು. ಇಪ್ಪತ್ತೊಂದು ಪಟ್ಟೆ, ಮೂವತ್ತೈದು, ನಲವತ್ತೈದು, ಹೇಗೆ ಮಾಡಿದರೂ ಒಂದು ಎಳೆ ಮಿಗುತ್ತಿತ್ತು.

"ಒಂದೆಳೆ ಯಾರ ಕಣ್ಣಿಗೆ ಕಾಣ್ಸತ್ತಪ್ಪಾ? ಬಿಟ್ಬಿಡಿ," ಎಂದರು ನನ್ನ ಗಂಡ.

"ನಂಗೆ ಕಾಣ್ಸತ್ತೆ ಕಣೋ. ಶುಭದ ಎಳೆ ಬಿಟ್ಟು ನಾನು ಹಾಸು ಹಾಕಲ್ಲ. ನಾಳೆ ಹೋಗಿ ಆಗಲ್ಲ ಅಂತ ಹೇಳ್ಬಿಡ್ತೀನಿ."

ನೂಲಿಗೇ ತತ್ವಾರವಿದ್ದ ಕಾಲದಲ್ಲಿ ಬಂದ ಕೆಲಸ ಅದು. ಹಟಕ್ಕೂ ಒಂದು ಮಿತಿ ಬೇಡವೇ! ನನಗೆ ಸಿಟ್ಟು ಬಂತು. ಅಡುಗೆಮನೆಯಲ್ಲಿ ಮೊರದ ಮೇಲೆ ರಾಗಿಹಿಟ್ಟು ಹರಡಿ ಬೆರಳಲ್ಲಿ ಭಾಗಾಕಾರಕ್ಕೆ ಕೂತೆ. ಹತ್ತರವರೆಗಿನ ಸಂಖ್ಯೆಗಳೂ ಅವುಗಳ ಮಗ್ಗಿಯಲ್ಲಿ ಬರುವವೂ ಆಗುವುದಿಲ್ಲವೆಂದು ಗೊತ್ತೇ ಇತ್ತು, ಅವನ್ನು ಬಿಟ್ಟೆ. ಹನ್ನೊಂದರಿಂದ ಭಾಗಿಸಿದರೆ ಮೂರು ಮಿಕ್ಕಿತು. ಹದಿಮೂರಕ್ಕೆ ಹತ್ತು, ಹದಿನೇಳಕ್ಕೆ ಒಂಬತ್ತು. ಹಿಟ್ಟು ಅಳಿಸುತ್ತಾ, ಬರೆಯುತ್ತಾ ಅರವತ್ತೇಳಕ್ಕೆ ಬಂದೆ. ಅದೂ ಕೈಕೊಟ್ಟಿತು. ಭಾಜಕವನ್ನು ಅದರಿಂದಲೇ ಗುಣಿಸಿದಾಗ ಸಂಖ್ಯೆಯನ್ನು ಮೀರಿದರೆ ಮುಂದೆ ಹುಡುಕಬೇಕಿಲ್ಲ ಎಂದು ಮೇಷ್ಟ್ರು ಕಲಿಸಿದ್ದರು. ಹಾಗಾಗಿ ಉಳಿದಿದ್ದು ಎಪ್ಪತ್ತೊಂದು ಮಾತ್ರ. ಭಾಗಿಸಿದೆ. ಸರಿಯಾಗಿ ಎಪ್ಪತ್ತೊಂದು ಸಲ! ಶೇಷ ಸೊನ್ನೆ. ಬೆಸ ಸಂಖ್ಯೆಯಾದ್ದರಿಂದ ಕೆಂಪಿನಿಂದ ಶುರುವಾದದ್ದು ಕೆಂಪಿಗೇ ಮುಗಿಯುತ್ತದೆ. ಒಬ್ಬಳೇ ಕೂತು ಜೋರಾಗಿ ನಕ್ಕುಬಿಟ್ಟೆ.

ಆಗ ಸೊಸೆಯಂದಿರು ಮಾವನ ಎದುರು ನಿಂತು ಮಾತಾಡುತ್ತಿರಲಿಲ್ಲ. ಬಾಗಿಲ ಮರೆಯಿಂದಲೇ ಹೇಳಿದೆ, "ಎಪ್ಪತ್ತೊಂದು ಪಟ್ಟೆ ಮಾವ, ಪಟ್ಟೆಗೆ ಎಪ್ಪತ್ತೊಂದೆಳೆ. ಒಂದೂ ಮಿಗಲ್ಲ."

ಅವರು ಬಾಯಲ್ಲೇ ಎರಡು ಸಲ ಗುಣಿಸಿ ನೋಡಿದರು. ಮಾರನೆಯ ದಿನ ಹಾಸು ಹಾಕಿಸಿದರು.

ಸೀರೆ ನೋಡಲು ವ್ಯಾಪಾರಿ ಬಂದಾಗ ಅಕ್ಕಪಕ್ಕದ ನೇಕಾರರೂ ಬಂದು ಸೇರಿದ್ದರು, ನಾನು ಒಳಗಿದ್ದೆ. ವ್ಯಾಪಾರಿ ಸೀರೆಯ ಅಗಲವನ್ನು ಈ ಅಂಚಿಂದ ಆ ಅಂಚಿಗೆ ಬೆರಳಿಟ್ಟು ಅಳೆದು ನೋಡಿ, "ಒಂದು ಪಟ್ಟೆನೂ ಹೆಚ್ಚುಕಮ್ಮಿ ಇಲ್ವಲ್ಲ! ಹೆಂಗ್ ಕೂರಿಸಿದ್ರಿ ಯಜಮಾನ್ರೇ?" ಎಂದು ಕೇಳಿದರು.

ಮಾವ ಒಳಕ್ಕೆ ತಿರುಗಿ ಕೂಗಿದರು, "ಈಚೆ ಬಾಮ್ಮ. ನಿನ್ನ ಲೆಕ್ಕ ನೀನೇ ಹೇಳು."

ಹೊರಗೆ ಬಂದು, ಅಷ್ಟು ಜನ ಗಂಡಸರ ಮುಂದೆ ನಿಂತು, ಹೇಳಿದೆ.