ಗ್ಯಾರೇಜಿನಲ್ಲಿಟ್ಟ ಗಾಜಿನ ಹಲಗೆ

ಕಳೆದ ಜನವರಿಯ ಮೂರನೇ ಭಾನುವಾರ ಬೆಳಿಗ್ಗೆ, ಸೌತ್‌ಫೀಲ್ಡ್‌ನ ನಮ್ಮ ಅಡುಗೆಮನೆಯಲ್ಲಿ ಹಲ್ಲಿಗೆ ಕ್ಯಾಪು ಅಂಟಿಸಲು ನನ್ನ ಹೆಂಡತಿ ಕಲಸಿದ ಸಿಮೆಂಟು ಕ್ಯಾಪಿನೊಳಗೆ ತುಂಬುವ ಮೊದಲೇ ಗಟ್ಟಿಯಾಯಿತು. ಅದು ಆ ದಿನದ ಮೂರನೆಯ ಸಲ.

ಮೈಸೂರಿನಲ್ಲಿ ಒಂಬತ್ತು ವರ್ಷ ದಂತವೈದ್ಯೆಯಾಗಿದ್ದವಳು. ಇಲ್ಲಿ ಹಲ್ಲು ಮುಟ್ಟಬೇಕಾದರೆ ಮತ್ತೆ ಕಾಲೇಜು ಸೇರಬೇಕು. ಅದಕ್ಕೆ ಶಿಕಾಗೋ ಕಡೆಯ ಕಾಲೇಜೊಂದರಲ್ಲಿ, ಸಿಮೆಂಟು ಕಲಸುವುದೂ ಸೇರಿದಂತೆ, ಕೈಕೆಲಸದ ಪ್ರವೇಶ ಪರೀಕ್ಷೆ. ಹಿಂದಿನ ವರ್ಷ ಪಾಸಾಗಿರಲಿಲ್ಲ. ಈ ಸಲವೂ ಆಗದಿದ್ದರೆ ಬಿಟ್ಟುಬಿಡುತ್ತೇನೆ ಎಂದಿದ್ದಳು. ಹನ್ನೆರಡು ದಿನ ಉಳಿದಿತ್ತು.

ಪುಡಿಗೆ ದ್ರವ ಬೆರೆತಾಗ ಬಿಸಿ ಹುಟ್ಟುತ್ತದೆ. ಬಿಸಿಯೇರಿದರೆ ಸಿಮೆಂಟು ಬೇಗ ಗಟ್ಟಿಯಾಗುತ್ತದೆ. ಅದಕ್ಕೇ ತಣ್ಣನೆಯ ದಪ್ಪ ಗಾಜಿನ ಹಲಗೆಯ ಮೇಲೆ, ಪುಡಿಯನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ, ಅಗಲಕ್ಕೆ ಹರಡಿ ಕಲಸುತ್ತಾರೆ. ಹದ ಬಂದಾಗ, ಕಲಸುವ ಸ್ಪ್ಯಾಚುಲಾ ಎತ್ತಿದರೆ ಒಂದಿಂಚು ಎಳೆ ಏಳುತ್ತದೆ. ಮೈಸೂರಿನಲ್ಲಿ ಹಲಗೆಯನ್ನು ಫ್ರಿಜ್ಜಿನಲ್ಲಿಡುತ್ತಿದ್ದಳು. ಇಲ್ಲಿ ಫ್ರಿಜ್ಜು ತುಂಬಿತ್ತು. ಚಳಿಗಾಲದಲ್ಲಿ ನಮ್ಮವರೆಲ್ಲ ಸಾರಿನ ಪಾತ್ರೆ ಇಡುವ ಹಾಗೆ ಗ್ಯಾರೇಜಿನಲ್ಲಿಟ್ಟಿದ್ದಳು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಒಳಗೆ ಕುಕ್ಕರ್ ಕೂಗುತ್ತಿತ್ತು.

"ಪುಡಿ ಹಳೇದಿರ್ಬೇಕು ಕಣೇ," ಎಂದೆ.

"ಸುಮ್ನಿರಿ. ನಿಮ್ಗೆ ಉಪ್ಪಿಟ್ಟೇ ಗಂಟಿಲ್ದೆ ಕಲಸಕ್ಕೆ ಬರಲ್ಲ."

ಎಂಟನೇ ಗ್ರೇಡಿನ ಮಗಳು ಹೋಂವರ್ಕಿನಿಂದ ತಲೆಯೆತ್ತಿದಳು. "ಅಮ್ಮಾ, ಯುವರ್ ಗ್ಲಾಸ್ ಈಸ್ ಸ್ವೆಟಿಂಗ್."

ಹೆಂಡತಿ ಹಲಗೆಯ ಮೇಲೆ ಬೆರಳೆಳೆದಳು. ಗೆರೆ ಮೂಡಿತು. ಅಡುಗೆಮನೆಯ ಹಬೆ ತೀರಾ ತಣ್ಣಗಿದ್ದ ಗಾಜಿನ ಮೇಲೆ ನೀರಾಗಿ ಕೂತಿತ್ತು. ಆ ನೀರು ಬೆರೆತರೆ ಸಿಮೆಂಟು ಇನ್ನೂ ಬೇಗ ಗಟ್ಟಿಯಾಗುತ್ತದೆ, ಬಲವೂ ಕಡಿಮೆ.

"ಇದನ್ನೇ ನಾನು ಜೂನಿಯರ್ಸ್‌ಗೆ ಹೇಳ್ಕೊಡ್ತಿದ್ದೆ," ಎಂದಳು, ಮೆಲ್ಲಗೆ. ಆಮೇಲೆ, "ರೀ, ಮೊದ್ಲು ಆ ಕುಕ್ಕರ್ ಆರಿಸಿ."

"ಬೇಳೆ ಬೆಂದಿಲ್ವಲ್ಲ."

"ಇವತ್ತು ಹಂಗೇ ತಿನ್ನಿ."

ಹಲಗೆಯನ್ನು ತೊಳೆದು ಒರೆಸಿ, ಮತ್ತೆ ಹಬೆ ಕೂರದಷ್ಟು ಗಾಜಿನ ತಣ್ಪು ಇಳಿಯುವವರೆಗೆ ಹಾಗೇ ಬಿಟ್ಟಳು. ಮತ್ತೆ ಕಲಸಿದಳು. ಸ್ಪ್ಯಾಚುಲಾ ಎತ್ತಿದಾಗ ಎಳೆ ಎದ್ದಿತು. ಮಗಳು ಸ್ಕೂಲಿನ ಸ್ಕೇಲು ಹಿಡಿದು ಅಳೆದಳು. ಒಂದಿಂಚಿಗೆ ಕೂದಲೆಳೆ ಕಡಿಮೆ. ಅವಳು ಒಪ್ಪಲಿಲ್ಲ, ಹೆಂಡತಿ ಇನ್ನೊಮ್ಮೆ ಕಲಸಬೇಕಾಯಿತು. ಆ ಮಧ್ಯಾಹ್ನದ ಬೇಳೆ ಹಲ್ಲಿಗೆ ಸಿಗುತ್ತಿತ್ತು. ಯಾರೂ ದೂರಲಿಲ್ಲ.

ಪರೀಕ್ಷೆಯ ದಿನ ನಾನೇ ಡ್ರೈವ್ ಮಾಡಿದೆ. ವಾಪಸು ಬರುವಾಗ ಹೆದ್ದಾರಿಯ ನಾಲ್ಕು ಎಕ್ಸಿಟ್ ದಾಟಿದೆವು. ಆಮೇಲೆ, "ಕೈ ನಡುಗ್ಲಿಲ್ಲ ಕಣ್ರೀ," ಎಂದಳು.

ಪರೀಕ್ಷೆ ಪಾಸಾಗಿದೆ. ಸೀಟಿಗಾಗಿ ಕಾಯುವವರ ಪಟ್ಟಿಯಲ್ಲಿ, ಈ ಶುಕ್ರವಾರದ ಹೊತ್ತಿಗೆ, ಅವಳಿಗಿಂತ ಮುಂದೆ ಒಬ್ಬರಿದ್ದಾರೆ.